ಗಾಳ ಹಾಕುವ ಮೊದಲು ಹೊಳೆ ಓದಬೇಕು

ಸೂಟಿ ಸಮೀಪಿಸಿತೆಂದರೆ ಮನೆಮನೆಯಲ್ಲೂ ಪ್ರವಾಸದ ಮಾತು. ಗೋವಾಕ್ಕೋ, ಮಹಾಬಳೇಶ್ವರಕ್ಕೋ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಎಂಬ ಚರ್ಚೆ ಹಿರಿಯರದು. ಮಕ್ಕಳ ಆಸೆಯೇ ಬೇರೆ. ಹಿಮ ಹೊದ್ದ ಬೆಟ್ಟ, ಅದರ ಬುಡದಲ್ಲಿ ತಿಳಿನೀರಿನ ಹೊಳೆ, ಮೊಣಕಾಲುದ್ದದ ನೀರಿನಲ್ಲಿ ನಿಂತು ಉದ್ದನೆಯ ಕೋಲಿನಿಂದ ದಾರವನ್ನು ಚಾವಟಿಯಂತೆ ಬೀಸುವ ಮನುಷ್ಯ. ಪರದೆಯ ಮೇಲೆ ಇಂಥದೊಂದು ದೃಶ್ಯ ಕಂಡ ಹುಡುಗ, ‘ಅಪ್ಪಾ, ನಮ್ಮ ಹೊಳಿಯೊಳಗ ಹಿಂಗ ಮೀನ ಹಿಡಿಲಿಕ್ಕೆ ಬರ್ತದೇನು?’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಹಿಡಕಲ್ ಜಲಾಶಯದ ದಂಡೆಯಲ್ಲಿ ಬೆಳೆಯುವ ಮಕ್ಕಳಿಗಂತೂ ನೀರು, ಮೀನು ಎರಡೂ ಹೊಸದಲ್ಲ.

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಉತ್ತರ ಹುಡುಕಲು ಹೊರಟ ಕುಟುಂಬಕ್ಕೆ ಭೂಗೋಳ, ಜೀವಶಾಸ್ತ್ರ, ಕಾನೂನು, ಇತಿಹಾಸ ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ. ಇಂತಹ ಪ್ರವಾಸವನ್ನು ಶಾಲೆಯ ಕ್ಯಾಲೆಂಡರ್ ನೋಡಿ ಮಾತ್ರ ಗೊತ್ತುಮಾಡಲಾಗದು. ಹೊಳೆಗೂ ತನ್ನದೇ ಆದ ಒಂದು ಪಂಚಾಂಗವಿದೆ. ಅದನ್ನು ಮೊದಲು ಓದಬೇಕು.

ರೆಕ್ಕೆ-ಪುಕ್ಕದ ಗಾಳ

ನಮ್ಮ ಕಡೆಯ ಗಾಳ ಸರಳವಾದುದು. ಬಿದಿರಿನ ಕೋಲು, ದಾರ, ಬೆಂಡು, ಕೊಕ್ಕೆ, ಕೊಕ್ಕೆಗೆ ಎರೆಹುಳು ಅಥವಾ ಹಿಟ್ಟಿನ ಉಂಡೆ. ಫ್ಲೈ ಫಿಶಿಂಗ್‌ನಲ್ಲಿ ಎರೆ ಇರುವುದಿಲ್ಲ. ಚಿಕ್ಕ ಕೊಕ್ಕೆಗೆ ಹಕ್ಕಿಯ ಪುಕ್ಕ, ಉಣ್ಣೆ, ರೇಷ್ಮೆ ದಾರಗಳನ್ನು ಸುತ್ತಿ ನೀರಿನ ಮೇಲಣ ಕೀಟದಂತೆ ಕಾಣುವ ಹಾಗೆ ಕಟ್ಟುತ್ತಾರೆ. ಇದೇ ‘ಫ್ಲೈ’.

ಇದಕ್ಕೆ ತೂಕವೇ ಇಲ್ಲ. ತೂಕವಿಲ್ಲದ ವಸ್ತುವನ್ನು ದೂರ ಎಸೆಯುವುದು ಹೇಗೆ? ಪುಕ್ಕವನ್ನು ಎಸೆದು ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಅದಕ್ಕಾಗಿ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ದಪ್ಪನೆಯ ದಾರ ತುದಿಯತ್ತ ಸಣ್ಣಗಾಗುತ್ತ ಹೋಗುತ್ತದೆ. ಸುಮಾರು 9 ಅಡಿ ಉದ್ದದ, ಬಳುಕುವ ಕೋಲಿನಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರವೇ ಸುರುಳಿ ಬಿಚ್ಚಿಕೊಳ್ಳುತ್ತ ಮುಂದೆ ಸಾಗಿ ಹುಸಿ ಕೀಟವನ್ನು ನೀರಿನ ಮೇಲೆ ಮೆಲ್ಲನೆ ಇಳಿಸುತ್ತದೆ. ಇದಕ್ಕೆ ಬಲ ಬೇಡ, ಲಯ ಬೇಕು. ಮನೆಯ ಮುಂದಿನ ಬಯಲಿನಲ್ಲಿ, ಕೊಕ್ಕೆಯ ಬದಲು ನೂಲಿನ ಚೂರು ಕಟ್ಟಿ ಯಾರು ಬೇಕಾದರೂ ಅಭ್ಯಾಸ ಮಾಡಬಹುದು.

ಹಿಡಿಯುವವನಿಗೆ ಇನ್ನೊಂದು ವಿದ್ಯೆಯೂ ಬೇಕು. ಆ ದಿನ, ಆ ಹೊಳೆಯಲ್ಲಿ, ಮೀನು ಯಾವ ಕೀಟ ತಿನ್ನುತ್ತಿದೆ ಎಂಬುದು ತಿಳಿಯಬೇಕು. ಹೊಳೆಯ ಒಂದು ಕಲ್ಲನ್ನು ಎತ್ತಿ ಅಡಿಭಾಗ ನೋಡಿದರೆ ಸಾಕು. ಚಪ್ಪಟೆ ಮೈಯ ಮೇ ಫ್ಲೈ ಮರಿಗಳು, ಮರಳು-ಕಡ್ಡಿಗಳನ್ನು ಅಂಟಿಸಿ ತಮಗೊಂದು ಕೊಳವೆ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳುಗಳು, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ಮರಿಗಳು ಅಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಹಲವು ಆಮ್ಲಜನಕ ಕಡಿಮೆಯಾದ, ಹೊಲಸು ಸೇರಿದ ನೀರಿನಲ್ಲಿ ಬದುಕಲಾರವು. ಹೀಗಾಗಿ ಕಲ್ಲಿನ ಅಡಿಭಾಗವೇ ನೀರಿನ ಪರೀಕ್ಷಾ ವರದಿ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕೆಂಬುದನ್ನು ಮಾತ್ರ ಮರೆಯಬಾರದು.

ಟ್ರೌಟ್ ಅಲ್ಲಿ, ಮಹಸೀರ್ ಇಲ್ಲಿ

ಪರದೆಯ ಮೇಲೆ ಕಾಣುವ ಮೀನು ಸಾಮಾನ್ಯವಾಗಿ ಟ್ರೌಟ್. ಅದು ತಣ್ಣೀರಿನ ಮೀನು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಸಂಕಟ. ಅದು ಭಾರತದ ಮೀನೂ ಅಲ್ಲ. ಸುಮಾರು 1900ರ ಹೊತ್ತಿಗೆ ಬ್ರಿಟಿಷರು ಅದರ ತತ್ತಿಗಳನ್ನು ಹಡಗಿನಲ್ಲಿ ತರಿಸಿ ಕಾಶ್ಮೀರದ ಹೊಳೆಗಳಲ್ಲಿ ಬೆಳೆಸಿದರು. ಮುಂದೆ ನೀಲಗಿರಿಯ ಎತ್ತರದ ತೊರೆಗಳಿಗೂ, ಈಗಿನ ಹಿಮಾಚಲ ಪ್ರದೇಶದ ನದಿಗಳಿಗೂ ಅದು ಬಂತು. ಹಿಮಾಚಲದ ತೀರ್ಥನ್ ಕಣಿವೆ ಇಂದಿಗೂ ಫ್ಲೈ ಫಿಶಿಂಗ್‌ಗೆ ಹೆಸರುವಾಸಿ. ಅಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಪಡೆಯಬೇಕು. ಚಳಿಗಾಲದಲ್ಲಿ ಟ್ರೌಟ್ ತತ್ತಿ ಇಡುವ ತಿಂಗಳುಗಳಲ್ಲಿ ನಿಷೇಧವಿರುತ್ತದೆ.

ಬಿಸಿಲುನಾಡಿನ ಘಟಪ್ರಭೆಯಲ್ಲಿ ಟ್ರೌಟ್ ಹುಡುಕುವುದು ಮರುಭೂಮಿಯಲ್ಲಿ ಸೇಬು ಹುಡುಕಿದಂತೆ. ಆದರೆ ದಕ್ಷಿಣದ ನದಿಗಳಿಗೆ ತಮ್ಮದೇ ಆದ ವೀರನೊಬ್ಬನಿದ್ದಾನೆ. ಅವನೇ ಮಹಸೀರ್. ದೊಡ್ಡ ಹುರುಪೆ, ದಪ್ಪ ತುಟಿ, ಹರಿಯುವ ನೀರಿಗೆ ಎದುರಾಗಿ ಈಜುವ ಶಕ್ತಿ ಈ ಮೀನಿನ ಲಕ್ಷಣ. ಕೃಷ್ಣಾ ಕೊಳ್ಳಕ್ಕೆ ಸೇರಿದ ದಖ್ಖನ್ ಮಹಸೀರ್ ಮೀನನ್ನು 1839ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದವನು ಸೈಕ್ಸ್ ಎಂಬ ಸೇನಾಧಿಕಾರಿ. ಪುಣೆಯ ಹತ್ತಿರದ ಮುಳಾ-ಮುಠಾ ನದಿಯಲ್ಲಿ ಅವನು ಅದನ್ನು ಕಂಡಿದ್ದ. ಘಟಪ್ರಭೆಯೂ ಇದೇ ಕೃಷ್ಣೆಯ ಮಗಳು.

ಈ ಹವ್ಯಾಸದ ಇತಿಹಾಸದಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಭಾರತದಲ್ಲಿ ಗಾಳದ ಮೀನುಗಾರಿಕೆಯ ಕುರಿತ ಪ್ರಸಿದ್ಧ ಗ್ರಂಥ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಇನ್ನು 1946ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಸೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಹಿಡಕಲ್‌ನಿಂದ ಅಂಬೋಲಿಗೆ

ಹಿಮಾಲಯಕ್ಕೆ ಹೋಗಲು ಎಲ್ಲರಿಗೂ ಅನುಕೂಲವಿರದು. ಹಿಡಕಲ್ ಭಾಗದವರಿಗೆ ಬೆಟ್ಟದ ಹೊಳೆ ನೋಡಲು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮಾರ್ಗವಾಗಿ ಅಂಬೋಲಿಗೆ ಹೋಗುವ ರಸ್ತೆ ಬಹುಮಟ್ಟಿಗೆ ಹಿರಣ್ಯಕೇಶಿ ನದಿಯ ಜಾಡಿನಲ್ಲೇ ಸಾಗುತ್ತದೆ. ಹಿಡಕಲ್‌ನಿಂದ ಲೆಕ್ಕ ಹಾಕಿದರೆ ನೂರು ಕಿಲೋಮೀಟರಿನ ಆಸುಪಾಸು. ಗಡಹಿಂಗ್ಲಜದ ಪೇಟೆಯವರೆಗೂ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಆಜರಾ ಹತ್ತಿರದ ರಾಮತೀರ್ಥದಲ್ಲಿ ನದಿ ಬಂಡೆಗಳ ನಡುವೆ ಧುಮುಕುವುದನ್ನು ನೋಡಬಹುದು. ಅಂಬೋಲಿಯಲ್ಲಿ ಶಿವಾಲಯದ ಬಳಿ ಗುಹೆಯಿಂದ ಹೊರಬರುವ ನೀರೇ ಹಿರಣ್ಯಕೇಶಿಯ ಉಗಮ.

ಹಿಡಕಲ್ ಅಣೆಕಟ್ಟು ನಿಂತಿರುವುದು ಘಟಪ್ರಭೆಗೆ ಅಡ್ಡಲಾಗಿ. ಸಹ್ಯಾದ್ರಿಯಲ್ಲಿ 884 ಮೀಟರ್ ಎತ್ತರದಲ್ಲಿ ಹುಟ್ಟುವ ಈ ನದಿ 283 ಕಿ.ಮೀ. ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. 51 ಟಿ.ಎಂ.ಸಿ. ಸಾಮರ್ಥ್ಯದ ಈ ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ಬೆಳಗಾವಿಯ ಕಾನೂನು ಕಾಲೇಜಿಗೂ ಅವರದೇ ಹೆಸರು. ಹಿರಣ್ಯಕೇಶಿಯಾದರೋ ಜಲಾಶಯಕ್ಕೆ ಬರದೆ, ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ.

ನಕಾಶೆ ಹಿಡಿದ ವಿದ್ಯಾರ್ಥಿ ಇಲ್ಲೊಂದು ಕುತೂಹಲದ ಲೆಕ್ಕ ಮಾಡಬಹುದು. ಅಂಬೋಲಿ ಸಮುದ್ರ ಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದೆ. ಹಿಡಕಲ್ ಜಲಾಶಯ ತುಂಬಿ ತುಳುಕಿದಾಗ ಅದರ ನೀರಿನ ಮಟ್ಟ 2175 ಅಡಿ, ಎಂದರೆ ಸುಮಾರು 663 ಮೀಟರ್! ಅಂಬೋಲಿಯ ಪಶ್ಚಿಮಕ್ಕೆ ಬಿದ್ದ ಮಳೆಹನಿ ಕೆಲವೇ ಕಿಲೋಮೀಟರಿನಲ್ಲಿ ಕೊಂಕಣಕ್ಕೆ ಧುಮುಕಿದರೆ, ಪೂರ್ವಕ್ಕೆ ಬಿದ್ದ ಹನಿ ಅವಸರವಿಲ್ಲದೆ ಬಯಲುಸೀಮೆಯತ್ತ ನಡೆಯುತ್ತದೆ. ಆದ್ದರಿಂದಲೇ ಹಿರಣ್ಯಕೇಶಿ ಹಿಮಾಲಯದ ಹೊಳೆಯಂತೆ ಉದ್ದಕ್ಕೂ ನೊರೆಗರೆಯುವುದಿಲ್ಲ. ಮೇಲ್ಭಾಗದಲ್ಲಿ ಒಂದಿಷ್ಟು ಕಲ್ಲಿನ ಹರಿವು, ಮುಂದೆ ನಿಧಾನದ ಮಡುಗಳು, ಕಬ್ಬಿನ ಗದ್ದೆಗಳು. ಎಲ್ಲಿ ನೀರು ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆಯೇ ಯಾವ ಮೀನು ಎಲ್ಲಿರುತ್ತದೆ ಎಂಬುದು ನಿರ್ಧಾರವಾಗುತ್ತದೆ. ಮಳೆಯಲ್ಲೂ ಅಷ್ಟೇ ಅಂತರ. ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಸುರಿದರೆ, ಗೋಕಾಕದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಬೆರಳುದ್ದವೂ ಇಲ್ಲದ ಮೀನು

ಇಷ್ಟು ದೂರ ಹೋದ ಮೇಲೆ ಅಂಬೋಲಿಯ ಉಗಮದಲ್ಲೇ ಗಾಳ ಹಾಕಿಬಿಡೋಣ ಎಂದು ಯಾರಾದರೂ ಯೋಚಿಸಿದರೆ ತಪ್ಪಾಗುತ್ತದೆ. 2020ರಲ್ಲಿ ಅಲ್ಲಿ ಹೊಸ ಪ್ರಭೇದದ ಮೀನೊಂದು ಪತ್ತೆಯಾಯಿತು. ಕಲ್ಲುಗಳ ನಡುವೆ ಬದುಕುವ, ಬೆರಳುದ್ದವೂ ಇಲ್ಲದ ಈ ಬಣ್ಣದ ಮೀನಿಗೆ ನದಿಯ ಹೆಸರನ್ನೇ ಸೇರಿಸಿ ‘ಶಿಸ್ಟುರ ಹಿರಣ್ಯಕೇಶಿ’ ಎಂದು ಹೆಸರಿಟ್ಟರು. ಮರುವರ್ಷವೇ, 2021ರಲ್ಲಿ, ಮಹಾರಾಷ್ಟ್ರ ಸರಕಾರ ಆ ಪರಿಸರದ 2.11 ಹೆಕ್ಟೇರ್ ಪ್ರದೇಶವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು.

ಜನ ಶತಮಾನಗಳಿಂದ ಕೈಮುಗಿದು ತೀರ್ಥ ತೆಗೆದುಕೊಂಡ ನೀರಿನಲ್ಲೇ ವಿಜ್ಞಾನಕ್ಕೆ ಗೊತ್ತಿಲ್ಲದ ಮೀನು ಅಡಗಿತ್ತೆಂದರೆ, ಉಳಿದ ಹಳ್ಳ-ತೊರೆಗಳಲ್ಲಿ ಇನ್ನೇನಿದೆಯೋ! ಗುಡಿಯ ನಂಬಿಕೆ ನೀರನ್ನು ಕಾಯ್ದುದಕ್ಕೆ ಕರ್ನಾಟಕದಲ್ಲೂ ಉದಾಹರಣೆಗಳಿವೆ. ಶೃಂಗೇರಿಯ ತುಂಗೆಯಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಮಹಸೀರ್‌ಗಳಿಗೆ ರಕ್ಷಣೆಯಿದೆ. ಆದರೆ ನಂಬಿಕೆಯೊಂದೇ ಸಾಲದು. 1996ರಲ್ಲಿ ಶಿಶಿಲದ ನೀರಿಗೆ ಯಾರೋ ವಿಷ ಬೆರೆಸಿ, ಲೆಕ್ಕವಿಲ್ಲದಷ್ಟು ಮೀನುಗಳು ಸತ್ತವು. ಅವುಗಳ ನೆನಪಿಗೆ ಊರವರು ಅಲ್ಲಿ ಸ್ಮಾರಕ ನಿಲ್ಲಿಸಿದ್ದಾರೆ.

ಹೊಳೆಯ ಪಂಚಾಂಗ

ಹಾಗಾದರೆ ಯಾವಾಗ ಹೊರಡಬೇಕು? ಮೃಗಶಿರಾ ಮಳೆ ಹಿಡಿದು ಹೊಳೆ ಕೆಂಪಾದಾಗ ಎಷ್ಟೋ ಜಾತಿಯ ಮೀನುಗಳು ತತ್ತಿ ಇಡಲು ಪ್ರವಾಹಕ್ಕೆ ಎದುರಾಗಿ ಮೇಲೇರುತ್ತವೆ. ಮಲೆನಾಡಿನಲ್ಲಿ ಇವಕ್ಕೆ ‘ಹತ್ತುಮೀನು’ ಎನ್ನುತ್ತಾರೆ. ಈ ಕಾಲದಲ್ಲಿ ಹಿಡಿದ ಒಂದು ಮೀನು, ಹೊಟ್ಟೆಯಲ್ಲಿರುವ ಸಾವಿರಾರು ತತ್ತಿಗಳ ಲೆಕ್ಕದಲ್ಲಿ ಒಂದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಯನ್ನು ದೂರದಿಂದ ನೋಡುವುದೇ ಸರಿ. ಅಂಬೋಲಿ ಘಟ್ಟದಲ್ಲಿ ಆಗ ಮಂಜು ಕವಿದು ಮುಂದಿನ ವಾಹನ ಕಾಣದು. ಗುಡ್ಡ ಕುಸಿತದ ಭಯವೂ ಉಂಟು.

ದಸರಾ ಸೂಟಿಯ ಹೊತ್ತಿಗೆ ನೀರು ತಿಳಿಯಾಗತೊಡಗುತ್ತದೆ. ಗುಡ್ಡಗಳು ಹಸಿರಾಗಿರುತ್ತವೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಸಂಭವವಿರುವುದರಿಂದ ಹೊಳೆಯ ಕೆಲಸವನ್ನು ಬೆಳಗಿನಲ್ಲೇ ಮುಗಿಸಬೇಕು. ಡಿಸೆಂಬರ್-ಜನವರಿ ಇನ್ನೂ ಒಳ್ಳೆಯದು. ನೀರು ಕಡಿಮೆ, ಹರಿವು ಶಾಂತ. ಧೂಪದಾಳದ ಹಿನ್ನೀರಿಗೆ ಆಗ ದೂರದೇಶದ ಹಕ್ಕಿಗಳೂ ಬಂದಿರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಸೂಟಿ ದೊಡ್ಡದು, ಹೊಳೆ ಸಣ್ಣದು. ಅಳಿದುಳಿದ ಮಡುಗಳಲ್ಲಿ ಮೀನುಗಳೆಲ್ಲ ಒತ್ತಾಗಿ ಸೇರಿ, ಬಿಸಿನೀರಿನಲ್ಲಿ ಉಸಿರಿಗಾಗಿ ಕಷ್ಟಪಡುತ್ತಿರುತ್ತವೆ. ಸುಲಭವಾಗಿ ಸಿಗುತ್ತವೆ ಎಂಬುದೇ ಆಗ ಹಿಡಿಯಬಾರದೆಂಬುದಕ್ಕೆ ಕಾರಣ.

ನೀರು ಯಾರದು?

ಹೊಳೆ ಎಲ್ಲರದೂ ಹೌದು, ಆದರೆ ಮೀನು ಹಿಡಿಯಲು ಕಾನೂನಿದೆ. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ಅಧಿನಿಯಮವಿದೆ. ಜಲಾಶಯಗಳ ಮೀನುಗಾರಿಕೆ ಪರವಾನಗಿ ಹಾಗೂ ಗುತ್ತಿಗೆಯ ಮೇಲೆ ನಡೆಯುತ್ತದೆ. ಬಿತ್ತನೆ ಮರಿ ಬಿಟ್ಟು, ನಸುಕಿನಲ್ಲಿ ತೆಪ್ಪ ಇಳಿಸಿ, ಬಲೆ ಎಳೆದು ಹೊಟ್ಟೆ ಹೊರೆಯುವ ಕುಟುಂಬಗಳ ಬದುಕು ಆ ನೀರಿನಲ್ಲಿದೆ. ಸೂಟಿಯ ಮೋಜಿಗೆ ಬಂದವರು ಅವರನ್ನು ಕೇಳದೆ ಗಾಳ ಹಾಕುವುದು, ಬೇರೆಯವರ ಹೊಲದ ಬೆಳೆ ಕೀಳುವುದಕ್ಕೆ ಸಮ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಎಲ್ಲಿ, ಯಾವಾಗ, ಯಾವ ಅನುಮತಿ ಬೇಕೆಂದು ಕೇಳುವುದು ಯೋಜನೆಯ ಮೊದಲ ಕೆಲಸ. ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ, ಅರ್ಜಿಯನ್ನು ಅವರಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು.

ಗೋಕಾಕ ತಾಲ್ಲೂಕಿನ ಧೂಪದಾಳದ ಸುತ್ತಲಿನ ಸುಮಾರು 30 ಚದರ ಕಿ.ಮೀ. ಪ್ರದೇಶ 1974ರಿಂದ ಘಟಪ್ರಭಾ ಪಕ್ಷಿಧಾಮ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಗೆ ದುರ್ಬೀನು ಒಯ್ಯಬೇಕು, ಗಾಳವನ್ನಲ್ಲ. ಸಂಕೇಶ್ವರ ದಾಟಿ ಮುಂದೆ ಹೋದರೆ ರಾಜ್ಯವೇ ಬದಲು. ನದಿ ಒಂದೇ ಆದರೂ ನಿಯಮ ಎರಡು. ಇಲ್ಲಿಯ ಅನುಮತಿ ಅಲ್ಲಿ ನಡೆಯದು.

ಕಾವೇರಿಯ ನೋಟ್‌ಬುಕ್ಕು

ಹಿಡಿದ ಮೀನನ್ನು ತೂಗಿ, ಅಳೆದು, ಮತ್ತೆ ನೀರಿಗೆ ಬಿಡುವ ಪದ್ಧತಿ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಮುಂತಾದ ಶಿಬಿರಗಳಲ್ಲಿ ಬಹುಕಾಲ ಇತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧವೆಂಬ ಕಾರಣದಿಂದ 2012ರ ವೇಳೆಗೆ ಅದು ನಿಂತಿತು. ಆದರೆ ಅಲ್ಲಿ ಬರೆದಿಟ್ಟ ಲೆಕ್ಕ ಉಳಿಯಿತು. 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಆತಂಕದ ಸಂಗತಿಯೊಂದು ಹೊರಬಿತ್ತು. ಸಿಗುವ ಮಹಸೀರ್‌ಗಳ ಸಂಖ್ಯೆ ಹೆಚ್ಚುತ್ತಿತ್ತು, ನಿಜ. ಆದರೆ ಅವು ಹೆಚ್ಚಾಗಿ ಹೊರಗಿನಿಂದ ತಂದು ಬಿಟ್ಟ ದಖ್ಖನ್ ಮಹಸೀರ್‌ಗಳು. ಕಾವೇರಿ ಕೊಳ್ಳದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ, ಬೆನ್ನು ಗೂನಾದ ದೈತ್ಯ ಮಹಸೀರ್ ಅಪರೂಪವಾಗುತ್ತ ಬಂದಿತ್ತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅತ್ಯಂತ ಗಂಭೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಇದರಲ್ಲಿ ಎರಡು ಪಾಠಗಳಿವೆ. ಮರಿ ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಒಂದು ನದಿಯ ಮೀನನ್ನು ಇನ್ನೊಂದು ನದಿಗೆ ಬಿಡುವುದು ಪುಣ್ಯದ ಕೆಲಸವೆಂದು ತಿಳಿಯುವಂತಿಲ್ಲ. ಮನೆಯ ಗಾಜಿನ ತೊಟ್ಟಿಯ ಮೀನನ್ನು ಹೊಳೆಗೆ ಸುರಿಯುವ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಎರಡನೆಯದು, ಹವ್ಯಾಸಿಗಳು ದಿನದಿನವೂ ಬರೆದ ಸಾಲುಗಳೇ ಒಂದು ಜೀವಿಯ ಕುಸಿತಕ್ಕೆ ಸಾಕ್ಷಿಯಾದವು. ಬರೆಯದೇ ಹೋಗಿದ್ದರೆ, ಮೀನು ಹೆಚ್ಚಾಗಿದೆ ಎಂದೇ ಎಲ್ಲರೂ ಸಂತೋಷಪಡುತ್ತಿದ್ದರು.

ಜೀವಕ್ಕಿಂತ ಮೀನು ದೊಡ್ಡದಲ್ಲ

ಪಾಲಕರು ಮರೆಯಬಾರದ ವಿಷಯ ಇನ್ನೊಂದಿದೆ. ಹೊಳೆ ನೋಡಲು ಸೌಮ್ಯ. 2019ರ ಆಗಸ್ಟ್‌ನಲ್ಲಿ ಇದೇ ಘಟಪ್ರಭೆ ಗೋಕಾಕ ಪಟ್ಟಣಕ್ಕೆ ನುಗ್ಗಿದ್ದನ್ನು ಕಂಡವರಿಗೆ ಅದರ ಇನ್ನೊಂದು ಮುಖ ಗೊತ್ತು. ಮೇಲೆ ಘಟ್ಟದಲ್ಲಿ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ನೀರು ಏರಬಹುದು. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ, ಬಾಗಿಲು ತೆರೆದಾಗ ಬಂಡೆಯ ಮೇಲೆ ನಿಂತವರಿಗೆ ದಂಡೆ ಸೇರಲು ಸಮಯವೇ ಸಿಗದು. ಗೋಕಾಕ ಜಲಪಾತದಲ್ಲಿ ನೀರು ಬೀಳುವ ಆಳ 52 ಮೀಟರ್. ಅಲ್ಲಿ ಅಂಚಿಗೆ ಹೋಗುವ ಮಾತೇ ಬೇಡ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಯಲ್ಲೂ ಪಾಚಿಗಟ್ಟಿದ ಬಂಡೆಗಳು ಜಾರುತ್ತವೆ. ಹರಿಯುವ ನೀರು ಮೊಣಕಾಲು ಮೀರಿದರೆ ದೊಡ್ಡವರನ್ನೂ ಎಳೆದೊಯ್ಯಬಲ್ಲದು. ಈಜು ಬಲ್ಲ ಹಿರಿಯರು ಜೊತೆಗಿಲ್ಲದೆ, ಜೀವರಕ್ಷಕ ಅಂಗಿಯಿಲ್ಲದೆ ಮಕ್ಕಳನ್ನು ನೀರಿಗೆ ಇಳಿಸಕೂಡದು.

ಎರಡು ದಿನದ ಯೋಜನೆ

ಮೊದಲ ದಿನ ನಸುಕಿನಲ್ಲಿ ಹಿಡಕಲ್ ಬಿಟ್ಟು ಸಂಕೇಶ್ವರ, ಗಡಹಿಂಗ್ಲಜ ದಾಟಿ ಆಜರಾದ ರಾಮತೀರ್ಥದಲ್ಲಿ ಬುತ್ತಿ ಬಿಚ್ಚಬಹುದು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಹೋಟೆಲಿನ ಖರ್ಚೂ ಇಲ್ಲ, ಪ್ಲಾಸ್ಟಿಕ್ ಕಸವೂ ಇಲ್ಲ. ಸಂಜೆಗೆ ಅಂಬೋಲಿ, ಅಲ್ಲಿಯೇ ವಸತಿ. ಎರಡನೆಯ ದಿನ ಬೆಳಗ್ಗೆ ಉಗಮದ ದರ್ಶನ ಮುಗಿಸಿ ಅದೇ ದಾರಿಯಲ್ಲಿ ಹಿಂದಿರುಗುವುದು. ಈ ಸಲ ಪ್ರತಿ ದೊಡ್ಡ ಸೇತುವೆಯ ಹತ್ತಿರ ವಾಹನವನ್ನು ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ದಂಡೆಯಲ್ಲಿ ಹತ್ತು ನಿಮಿಷ ಕಳೆಯಬೇಕು. ಸ್ವಂತ ವಾಹನ ಇಲ್ಲದವರು ಬಸ್ಸಿನಲ್ಲೂ ಹೋಗಬಹುದು. ನಿಲ್ಲುವ ಜಾಗ ಕಡಿಮೆಯಾಗುತ್ತವೆ, ಅಷ್ಟೇ.

ಜೊತೆಗೆ ಒಯ್ಯಬೇಕಾದವು ಹೆಚ್ಚಿಲ್ಲ:

1. ಜಿಲ್ಲೆಯ ನಕಾಶೆ, ಒಂದು ನೋಟ್‌ಬುಕ್ಕು, ಪೆನ್ಸಿಲ್. ನೀರು ತಾಗಿದರೆ ಪೆನ್ನಿನ ಶಾಯಿ ಅಳಿಸುತ್ತದೆ.
2. ನೀರಿನ ಉಷ್ಣತೆ ಅಳೆಯಲು ಥರ್ಮಾಮೀಟರ್. ಶಾಲೆಯ ಪ್ರಯೋಗಾಲಯದಿಂದ ಕೇಳಿ ಪಡೆಯಬಹುದು.
3. ಕೀಟ ನೋಡಲು ಬಿಳಿ ತಟ್ಟೆ, ಭೂತಗನ್ನಡಿ.
4. ಜಾರದ ಪಾದರಕ್ಷೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು.
5. ಅನುಮತಿ ಸಿಕ್ಕಿದ್ದರೆ ಮಾತ್ರ ಗಾಳ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದು. ಇದರಿಂದ ಮೀನಿನ ಬಾಯಿ ಹರಿಯದು. ಮೀನನ್ನು ಒದ್ದೆ ಕೈಯಲ್ಲೇ ಹಿಡಿದು, ಕೂಡಲೇ ನೀರಿಗೆ ಬಿಡಬೇಕು.

ಪ್ರತಿ ನಿಲುಗಡೆಯಲ್ಲೂ ದಿನಾಂಕ, ಸಮಯ, ನೀರಿನ ಬಣ್ಣ, ಉಷ್ಣತೆ, ಕಲ್ಲಿನ ಅಡಿಯಲ್ಲಿ ಕಂಡ ಕೀಟ, ಕಂಡ ಮೀನು, ಹಕ್ಕಿ ಇವನ್ನು ಬರೆದುಕೊಳ್ಳಬೇಕು. ಅಂಬೋಲಿಯ ತಣ್ಣೀರು ಸಂಕೇಶ್ವರದ ಹೊತ್ತಿಗೆ ಎಷ್ಟು ಬಿಸಿಯಾಯಿತು, ಮೇಲೆ ಕಂಡ ಕೀಟ ಕೆಳಗೆ ಯಾವ ಊರಿನ ನಂತರ ಕಾಣೆಯಾಯಿತು ಎಂಬುದು ಪುಸ್ತಕದಲ್ಲಿ ಸಿಗುವ ಉತ್ತರವಲ್ಲ. ಮುಂದಿನ ವರ್ಷವೂ ಅದೇ ತಿಂಗಳು, ಅದೇ ಸೇತುವೆಗಳಲ್ಲಿ ನಿಂತು ಬರೆದರೆ ಹೋಲಿಕೆಗೆ ದಾರಿಯಾಗುತ್ತದೆ. ನಾಲ್ಕಾರು ವರ್ಷ ಬರೆದರೆ ಅದು ಹಿರಣ್ಯಕೇಶಿಯ ಆರೋಗ್ಯದ ದಾಖಲೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಹಿಡಕಲ್‌ನ ಹುಡುಗ ಮುಂದೊಂದು ದಿನ ತೀರ್ಥನ್ ಕಣಿವೆಗೆ ಹೋಗಿ ಟ್ರೌಟ್ ಹಿಡಿಯಲಿ, ಬಿಡಲಿ. ಕಲ್ಲು ಎತ್ತಿ ನೋಡುವ, ಕೇಳಿ ತಿಳಿಯುವ, ಬರೆದಿಡುವ ಅಭ್ಯಾಸ ಅವನಿಗೆ ತನ್ನೂರ ಹೊಳೆಯಲ್ಲೇ ಆಗಿದ್ದರೆ ಯಾವ ನದಿಯೂ ಅವನಿಗೆ ಪರಕೀಯವಾಗದು. ಮೀನು ಸಿಗದ ದಿನವೂ ಆ ಪ್ರವಾಸಿಗ ಬರಿಗೈಯಲ್ಲಿ ಮನೆಗೆ ಬರುವುದಿಲ್ಲ.